ಪದಚರ್ಚೆ: 'ಏರ್-ಕೂಲ್ಡ್' ಎಂಜಿನ್‌ಗೆ ಏನನ್ನೋಣ? ನಾಳೆಯೇ ಬೇಕು

ಗೆಳೆಯರೇ,

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಒಂದರ ಎಂಜಿನ್ ಮುಚ್ಚಳದ ಒಳಗೆ ಅಂಟಿಸಲು ಕನ್ನಡದಲ್ಲಿ ಚೀಟಿ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. (ಬಾನೆಟ್ ಅನ್ನುವ ಹಾಗಿಲ್ಲ. ಇದರಲ್ಲಿ ಎಂಜಿನ್ ಹಿಂದೆ, ಡಿಕ್ಕಿ ಮುಂದೆ.) ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು 'ಏರ್-ಕೂಲ್ಡ್'. ಈ ಕಾರಿಗೆ ರೇಡಿಯೇಟರ್ ಇಲ್ಲ, ನೀರು ಹಾಕುವ ಬಾಯೇ ಇಲ್ಲ. ಅದನ್ನು ಮೊದಲ ಸಾಲಲ್ಲೇ ಹೇಳಬೇಕು.

ಆಮೇಲೆ ಟ್ಯಾಪೆಟ್ ಸಾಲು, ಅಂದರೆ ಎಂಜಿನ್ ವಾಲ್ವ್‌ಗೂ ಅದನ್ನು ಒತ್ತುವ ತುಂಡಿಗೂ ನಡುವೆ ಬಿಡುವ ಸಂದಿನದು. 'ಎಂಜಿನ್ ಆರಿದ ಮೇಲೆ ಗ್ಯಾಪ್ 0.15 ಮಿಲಿಮೀಟರ್ ಇಡಿ' ಎಂದು ಬರೆದಿದ್ದೇನೆ. ಎಂಜಿನ್ 1600 ಸಿಸಿಯದು.

ಹಳೆಯ ಪಾಯಿಂಟ್ (ಕಿಡಿ ಹೊಮ್ಮಿಸಲು ಕರೆಂಟ್ ಕಡಿಯುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದಾರೆ. 'ಮೇಲ್ದರ್ಜೆಗೇರಿಸಲಾಗಿದೆ' ಎಂದು ಬರೆದರೆ ಕಾರಿಗೆ ಬಡ್ತಿ ಸಿಕ್ಕ ಹಾಗೆ ಕೇಳಿಸುತ್ತದೆ. ಬೇರೆ ಏನಾದರೂ ಇದೆಯಾ?

ಉತ್ತರ:
'ವಾಯುಶೀತಿತ'. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಉತ್ತರ:
> ಚರ್ಚೆಗೆ ಏನೂ ಇಲ್ಲ

ಇದೆ. 'ಶೀತ' ಅಂದರೆ ಜನಕ್ಕೆ ಮೊದಲು ನೆನಪಾಗುವುದು ಸೋರುವ ಮೂಗು. ನಮ್ಮದೇ 'ತಣ್' ಇದೆಯಲ್ಲ! ತಣ್ಣೀರು, ತಂಗಾಳಿ, ತಂಪು, ತಣಿ ಎಲ್ಲ ಅದರದೇ ಬಳಗ. 'ಗಾಳಿತಣಿಪಿನ ಎಂಜಿನ್' ಅನ್ನಿ. ಹತ್ತು ಸಲ ಹೇಳಿ, ರೂಢಿಯಾಗುತ್ತದೆ.

ಉತ್ತರ:
ತಣಿಯುವುದು ಬಾಯಾರಿಕೆ, ಕೋಪ, ಆಸೆ. ಎಂಜಿನ್ ಅಲ್ಲ. 'ವಾಯುತಂಪು' ಚಿಕ್ಕದಾಗಿದೆ, ಚೀಟಿಯಲ್ಲಿ ಹಿಡಿಸುತ್ತದೆ.

ಉತ್ತರ:
> ವಾಯುತಂಪು

ವಾಯುವಿಗೆ ತಂಪು ಅಂಟಿಸಿದರೆ ಅರಿಸಮಾಸ. ಶಾಲೆಯಲ್ಲಿ ಹೇಳಿಕೊಟ್ಟಿಲ್ಲವೇ ಸ್ವಾಮಿ?

ಉತ್ತರ:
ಹಾಗಾದರೆ ಇನ್ನು ಮೇಲೆ 'ಮಳೆಗಾಲ' ಅನ್ನಬೇಡಿ. ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು.

ಉತ್ತರ:
ಆ ಕಾಲ 'ಗಾಲ' ಆಗಿ ಮನೆಯವನಾಗಿ ಎಷ್ಟೋ ಕಾಲವಾಯಿತು. ನಿಮ್ಮ ವಾಯು ಇನ್ನೂ ಜಗುಲಿ ಮೇಲೆ ಕೂತ ನೆಂಟ.

ಉತ್ತರ:
ಸಮಾಸ ಆಮೇಲೆ ನೋಡೋಣ. ಟ್ಯಾಪೆಟ್ ಸಾಲನ್ನು ಯಾರೂ ಓದಿಲ್ಲ, ಅಲ್ವಾ?

'ಆರು' ಅನ್ನುವುದು ಹಳಗನ್ನಡದಲ್ಲಿ ಶಕಟರೇಫದ (ಈಗ ಬಳಕೆ ತಪ್ಪಿದ ಱ ಅಕ್ಷರದ) 'ಆಱು'. ಹಾಲು ಆರಿದರೆ ಬಿಸಿ ಹೋಯಿತು, ಬಟ್ಟೆ ಆರಿದರೆ ಒಣಗಿತು, ದೀಪ ಆರಿದರೆ ನಂದಿತು. ಎಂಜಿನ್ ಆರಿದರೆ? ಕೀಲಿ ತಿರುಗಿಸಿ ಆಫ್ ಮಾಡಿದ್ದು ಎಂದೇ ಜಾಸ್ತಿ ಜನ ತಿಳಿಯುತ್ತಾರೆ. ಕೈ ಸುಡುವ ಎಂಜಿನ್‌ಗೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸುತ್ತಾರೆ. ಬಿಸಿಗೆ ಲೋಹ ಹಿಗ್ಗಿರುತ್ತದೆ, ಆಗ ಅಳೆದ ಗ್ಯಾಪ್ ಸುಳ್ಳು. ಗ್ಯಾಪ್ ತೀರಾ ಕಡಿಮೆಯಾದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂತಾಗಲೇ ಅದರ ಬಿಸಿ ಸಿಲಿಂಡರ್ ಹೆಡ್‌ಗೆ ಇಳಿಯುವುದು. ಕೂರದಿದ್ದರೆ ಸುಟ್ಟುಹೋಗುತ್ತದೆ. ಈ ಎಂಜಿನ್‌ನಲ್ಲಿ 3ನೇ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್‌ಗೆ ಆ ಕೆಟ್ಟ ಹೆಸರು ಮೊದಲಿನಿಂದಲೂ ಇದೆ.

'ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಮೇಲೆ' ಎಂದು ಬರೆಯಿರಿ. ಉದ್ದವಾದರೆ ಆಗಲಿ.

ಇನ್ನು 'ಏರ್-ಕೂಲ್ಡ್' ಅನ್ನುವುದೇ ಅರ್ಧ ನಿಜ. ಎರಡೂವರೆ ಲೀಟರ್ ಆಯಿಲ್ ಕೂಡ ಬಿಸಿ ಹೊರುತ್ತದೆ. ಆಯಿಲ್ ಕೂಲರ್ ಇರುವುದೂ ಫ್ಯಾನಿನ ಗಾಳಿಯಲ್ಲೇ. ಡೈನಮೋ, ಫ್ಯಾನ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ತುಂಡಾದರೆ ಕೆಂಪು ದೀಪ ಹತ್ತುತ್ತದೆ. ಆಗ 'ಇನ್ನೊಂದು ಸ್ವಲ್ಪ ದೂರ' ಎಂದು ಓಡಿಸಿದರೆ ಎಂಜಿನ್ ಹೋಯಿತು. ಚೀಟಿಯಲ್ಲಿ ದಪ್ಪ ಅಕ್ಷರ ಬೇಕಾದದ್ದು ಈ ಸಾಲಿಗೆ.

ಇಗ್ನಿಷನ್‌ಗೆ 'ಹಾಕಿಸಿದೆ' ಸಾಕು.

ಉತ್ತರ:
ಫ್ಯಾನ್, ಬೆಲ್ಟ್, ವಾಲ್ವ್, ಸೀಟು, ಗ್ಯಾಪ್. ಇಷ್ಟೆಲ್ಲ ಒಳಗೆ ಬಿಟ್ಟುಕೊಂಡು 'ಕೂಲ್ಡ್' ಒಂದನ್ನೇ ಬಾಗಿಲಲ್ಲಿ ತಡೆಯೋದು ಯಾಕೆ?

ಉತ್ತರ:
ಅವು ಹೆಸರುಗಳು, ಹೇಗೋ ವಿಭಕ್ತಿ ಹಚ್ಚಿ ನಡೆಸಬಹುದು: ಬೆಲ್ಟಿಗೆ, ಫ್ಯಾನಿನ. 'ಕೂಲ್ಡ್' ಕ್ರಿಯೆಯಿಂದ ಹುಟ್ಟಿದ್ದು. ಕ್ರಿಯೆಯನ್ನೂ ಸಾಲ ತಂದರೆ ನಮ್ಮ ಹತ್ತಿರ ಉಳಿಯುವುದು ಬರೀ ಪ್ರತ್ಯಯ.

ಉತ್ತರ:
'ಸ್ಟಾರ್ಟ್ ಮಾಡು' ಅನ್ನದೆ ಈ ಕಾರನ್ನು ಹೊರಡಿಸಿ ನೋಡೋಣ.

ಕೇಳಿದವರು:
ಎಲ್ಲರಿಗೂ ವಂದನೆ. ಸಮಾಸವೇ ಬೇಡ ಅಂತ ಬಿಟ್ಟೆ. ಟ್ಯಾಪೆಟ್ ಸಾಲು ನೀವು ಹೇಳಿದ ಹಾಗೇ ತಿದ್ದಿದ್ದೇನೆ, ಬೆಲ್ಟ್ ಸಾಲು ದಪ್ಪ ಅಕ್ಷರದಲ್ಲಿದೆ. ಮೊದಲ ಸಾಲು ಹೀಗೆ: 'ಇದು ಗಾಲಿಯಿಂದ ತಣ್ಣಗಾಗುವ ಎಂಜಿನ್. ನೀರು ಬೇಡ.' ಈಗ ಪ್ರಿಂಟಿಗೆ ಕಳಿಸುತ್ತಿದ್ದೇನೆ.

ಉತ್ತರ:
ಒಂದು ಪದ ಕೇಳಿ ವಾಕ್ಯ ಮಾಡಿದಿರಿ. 'ವಾಯುಶೀತಿತ' ಆಗಿದ್ದರೆ ಒಂದೇ ಪದದಲ್ಲಿ ಮುಗಿಯುತ್ತಿತ್ತು.

ಉತ್ತರ:
ಕಳಿಸಬೇಡಿ, ನಿಲ್ಲಿಸಿ! ಗಾಲಿ ಅಂದರೆ ಚಕ್ರ. ಳಕಾರ ಹಾಕಿ.