‘ಜೀವಂತ ಸಮಾಧಿ’ ಎಂದರೆ ಸಾಕೆ? – ಅನುವಾದದಲ್ಲಿ ಎದುರಾದ ತೊಡಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ವರ್ಮಾಂಟ್ ರಾಜ್ಯದ ನ್ಯೂ ಹೇವನ್ ಎಂಬ ಊರಿನ ಸ್ಮಶಾನದಲ್ಲಿರುವ ವಿಚಿತ್ರ ಗೋರಿಯೊಂದರ ಬಗೆಗಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸ ಎರಡು ಪದಗಳ ಬಳಿ ನಿಂತಿದೆ. 1893ರಲ್ಲಿ ತೀರಿಕೊಂಡ ಟಿಮೊಥಿ ಕ್ಲಾರ್ಕ್ ಸ್ಮಿತ್ ಎಂಬವರಿಗೆ, ಬರೀ ಪ್ರಜ್ಞೆ ತಪ್ಪಿ ಬಿದ್ದಿದ್ದರೂ ಸತ್ತನೆಂದು ತಿಳಿದು ತನ್ನನ್ನು ಹೂತುಬಿಟ್ಟಾರು ಎಂಬ ಭಯ ಬಲವಾಗಿತ್ತು. ಅದಕ್ಕಾಗಿಯೇ ಅವರ ಗೋರಿಯ ರಚನೆ ಹೀಗಿದೆ: ಹುಲ್ಲು ಬೆಳೆದ ಮಣ್ಣುದಿಬ್ಬ, ಅದರ ನೆತ್ತಿಯಲ್ಲಿ 14 ಅಂಗುಲ ಚೌಕದ ದಪ್ಪ ಗಾಜು, ಗಾಜಿನಿಂದ ನೇರವಾಗಿ ಶವದ ಮುಖದತ್ತ ಇಳಿಯುವ ಸಿಮೆಂಟಿನ ಕಿಂಡಿ, ಒಂದು ಬದಿಯಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಮೆಟ್ಟಿಲು. ಎಚ್ಚರವಾದರೆ ಬಾರಿಸಲೆಂದು ಕೈಯಲ್ಲಿ ಗಂಟೆಯೊಂದನ್ನೂ ಇಟ್ಟಿದ್ದರೆಂಬ ಮಾತಿದೆ. ಈಗ ಬಗ್ಗಿ ಇಣುಕಿದರೆ ಗಾಜಿನ ಒಳಮೈಯಲ್ಲಿ ಕಟ್ಟಿದ ನೀರಹನಿಗಳ ಹೊರತು ಏನೂ ಕಾಣುವುದಿಲ್ಲ.

ಮೊದಲ ತೊಡಕು ಕಟ್ಟಡದ ಹೆಸರಿನದು, ಅದು ಅಷ್ಟು ದೊಡ್ಡದಲ್ಲ. ಇಂಗ್ಲಿಷಿನ ‘ಮಾಸೊಲಿಯಂ’ ಕ್ರಿ.ಪೂ. 4ನೆಯ ಶತಮಾನದ ಮೌಸೋಲಸ್ ಎಂಬ ಅರಸನ ಭವ್ಯ ಗೋರಿಯಿಂದ ಬಂದ ಪದ. ನಮ್ಮಲ್ಲಿ ಅದಕ್ಕೆ ಸಾಟಿಯಾಗಿ ವಿಜಯಪುರದ ಗೋಳಗುಮ್ಮಟ, ಶ್ರೀರಂಗಪಟ್ಟಣದ ಗುಂಬಜ್, ಮಡಿಕೇರಿಯ ಗದ್ದುಗೆಗಳು ಇವೆ. ಆದರೆ ಗುಮ್ಮಟವೆಂದರೆ ಕಣ್ಣಿಗೆ ಅರೆಗೋಳವೇ ಬರುತ್ತದೆ, ಗದ್ದುಗೆಯೆಂದರೆ ಪೂಜೆ ಬರುತ್ತದೆ. ಸ್ಮಿತ್ ಅವರ ದಿಬ್ಬಕ್ಕೆ ಇವೆರಡೂ ಹೊಂದುವುದಿಲ್ಲವಾದ್ದರಿಂದ ಸದ್ಯಕ್ಕೆ ‘ನೆಲಮಾಳಿಗೆಯ ಗೋರಿ’ ಎಂದು ಬರೆದುಕೊಂಡಿದ್ದೇನೆ.

ನಿಜವಾದ ಸಮಸ್ಯೆ ಭಯದ ಹೆಸರಿನಲ್ಲಿದೆ. ‘ಜೀವಂತ ಸಮಾಧಿಯ ಭಯ’ ಎಂದು ಬರೆದು ಮರುದಿನ ಓದಿದಾಗ ಅದು ಬೇರೆಯೇ ಅರ್ಥ ಕೊಟ್ಟಿತು. ಸಮಾಧಿಯೆಂಬುದು ಮೂಲದಲ್ಲಿ ಮನಸ್ಸು ಒಂದೆಡೆ ನೆಲೆಗೊಂಡ ಸ್ಥಿತಿ, ಗೋರಿ ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಯೋಗಿಗಳು ಜೀವಂತ ಸಮಾಧಿಯಾದರು ಎನ್ನುವಾಗಲೂ, 1671ರಲ್ಲಿ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಸಶರೀರರಾಗಿ ಬೃಂದಾವನ ಪ್ರವೇಶಿಸಿದರು ಎನ್ನುವಾಗಲೂ ಒಳಹೋಗುವವರ ಸಂಕಲ್ಪವೇ ಮುಖ್ಯ. ಹೊರಗಿರುವವರಿಗೆ ಅಲ್ಲಿ ಭಕ್ತಿಯುಂಟೇ ಹೊರತು ಭಯವಿಲ್ಲ. ಪತ್ರಿಕೆಯವರು ಇದೇ ಮಾತನ್ನು ‘ಮಣ್ಣು ಕುಸಿದು ಕಾರ್ಮಿಕರು ಜೀವಂತ ಸಮಾಧಿ’ ಎಂದು ತಲೆಬರಹಕ್ಕೆ ಬಳಸಿ ಅದರ ಪಾವಿತ್ರ್ಯವನ್ನು ಕಳೆದಿದ್ದಾರೆ, ನಿಜ. ಆದರೆ ಅಲ್ಲಿ ಹೂಳುವುದು ಕುಸಿದ ಗುಡ್ಡ. ಸ್ಮಿತ್ ಹೆದರಿದ್ದು ಗುಡ್ಡಕ್ಕಲ್ಲ, ಅಳುತ್ತಲೇ ಶಾಸ್ತ್ರೋಕ್ತವಾಗಿ ಮಣ್ಣು ಹಾಕಿ ಮನೆಗೆ ಹೋಗಿಬಿಡುವ ತನ್ನವರಿಗೆ. ಆ ತಪ್ಪಿನ ಸುಳಿವು ನಮ್ಮ ಪದದಲ್ಲಿ ಎಲ್ಲಿಯೂ ಇಲ್ಲ. ಜಾರ್ಜ್ ವಾಷಿಂಗ್ಟನ್ 1799ರಲ್ಲಿ ಸಾಯುವ ಗಳಿಗೆಯಲ್ಲಿ, ಮೂರು ದಿನ ಕಳೆಯುವ ಮುನ್ನ ತನ್ನ ದೇಹವನ್ನು ಗೋರಿಗೆ ಇಳಿಸಬಾರದೆಂದು ಕಾರ್ಯದರ್ಶಿಗೆ ಹೇಳಿದ್ದರ ಹಿಂದೆ ಇದ್ದುದೂ ಈ ಅಂಜಿಕೆಯೇ.

ವೈದ್ಯರ ‘ಟ್ಯಾಫೋಫೋಬಿಯಾ’ ಗ್ರೀಕಿನ ಗೋರಿ ಮತ್ತು ಭಯ ಎಂಬ ಎರಡು ಪದಗಳನ್ನು ಕೂಡಿಸಿದ್ದು. 1891ರಲ್ಲಿ ಎನ್ರಿಕೊ ಮೊರ್ಸೆಲ್ಲಿ ಎಂಬ ಇಟಲಿಯ ಮನೋವೈದ್ಯರು ಬಳಕೆಗೆ ತಂದರು. ಅದನ್ನು ಅನುಸರಿಸಿ ‘ಗೋರಿಭೀತಿ’ ಎಂದರೆ ಸ್ಮಶಾನದ ಪಕ್ಕ ರಾತ್ರಿ ನಡೆಯಲು ಹೆದರುವವನ ನೆನಪಾಗುತ್ತದೆ. ‘ಹೂಳುಭಯ’ ಎಂದು ಹೊಸದಾಗಿ ಕಟ್ಟಹೊರಟರೆ ಕೆರೆಯ ಹೂಳೆತ್ತುವ ಗುತ್ತಿಗೆದಾರ ನೆನಪಾಗುತ್ತಾನೆ! ‘ಬದುಕಿರುವಾಗಲೇ ಮಣ್ಣು ಮಾಡಿಬಿಟ್ಟಾರೆಂಬ ಭಯ’ ಎಂಬುದೇ ನನಗೆ ಸರಿಯೆನಿಸುತ್ತದೆ. ‘ಮಣ್ಣು ಮಾಡು’ ಎಂಬುದರಲ್ಲಿ ಮಾಡುವವರು ಇದ್ದಾರೆ, ‘ಬಿಟ್ಟಾರು’ ಎಂಬುದರಲ್ಲಿ ಅಳುಕು ಇದೆ. ಉದ್ದವಾಯಿತೆಂಬುದು ಸಂಪಾದಕರ ಆಕ್ಷೇಪ. ಅರ್ಥ ಕೆಡುವುದಕ್ಕಿಂತ ಉದ್ದವೇ ವಾಸಿಯೆಂಬುದು ನನ್ನ ವಾದ.

ನಮ್ಮಲ್ಲಿಯೂ ಹೂಳುವ ಸಮುದಾಯಗಳು ಸಾಕಷ್ಟಿರುವುದರಿಂದ, ಪದವಿಲ್ಲದಿರುವುದಕ್ಕೆ ಸುಡುವ ಪದ್ಧತಿಯನ್ನು ಕಾರಣವಾಗಿ ಕೊಡಲಾರೆ. ಆದ್ದರಿಂದ ಬಲ್ಲವರಲ್ಲಿ ಕೇಳುತ್ತಿದ್ದೇನೆ: ಸತ್ತನೆಂದು ಚಟ್ಟಕ್ಕೆ ಏರಿಸಿದ ಮೇಲೆ ಉಸಿರಾಡಿದವನನ್ನು, ಅಥವಾ ಅಂಥ ತಪ್ಪನ್ನು, ನಿಮ್ಮ ಸೀಮೆಯ ಹಿರಿಯರು ಏನೆಂದು ಕರೆಯುತ್ತಾರೆ? ಗಾದೆಯಾದರೂ, ಬೈಗುಳವಾದರೂ ಸರಿ, ಯಾವ ಊರಿನ ಮಾತೆಂಬುದನ್ನು ಸೇರಿಸಿ ತಿಳಿಸಿದರೆ ಉಪಕಾರವಾಗುತ್ತದೆ.