ಫಾರ್ವರ್ಡ್‌ನಲ್ಲಿದ್ದ ಪಾಟೀಲರು ಯಾರು?

ಬೆಳಿಗ್ಗೆ ಆರೂ ಹತ್ತಕ್ಕೆ ಅಕ್ಕ ನಮ್ಮ ಮನೆಯವರ ಗುಂಪಿಗೆ ಒಂದು ಸಂದೇಶ ಹಾಕಿದಳು. ಮೇಲೆ ಹಾರ ಹಾಕಿದ ಹಿರಿಯರೊಬ್ಬರ ಫೋಟೋ. ಕೆಳಗೆ ಕೆಂಪು ಅಕ್ಷರ: "ಚಿಂಚೋಳಿಯ ಹುಲಿ ವೈಜನಾಥ ಪಾಟೀಲರು ಒಬ್ಬರೇ ದೆಹಲಿಗೆ ಹೋಗಿ ತಂದ 371(ಜೆ) ಈ ತಿಂಗಳು ರದ್ದು! ನಮ್ಮ ಮಕ್ಕಳ ಸೀಟು ಹೋಯ್ತು! ಹತ್ತು ಗುಂಪಿಗೆ ಕಳಿಸಿ."

ಅಕ್ಕ ಅದನ್ನು ಯಾಕೆ ಕಳಿಸಿದಳು ಅಂತ ನನಗೆ ಗೊತ್ತು. ಅವಳ ಮಗಳು ಈ ವರ್ಷ ನೀಟ್ ಬರೆದಿದ್ದಾಳೆ. ಅವರ ಮನೆಯಲ್ಲಿ ಮೂರು ತಿಂಗಳಿಂದ ಬೇರೆ ಮಾತೇ ಇಲ್ಲ. 371(ಜೆ) ಇರುವುದರಿಂದ ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಬೇರೆ ಕಡೆ ನೂರಕ್ಕೆ 8 ಸೀಟು. ಆ ಲೆಕ್ಕದ ಮೇಲೇ ಅವಳ ನಿದ್ದೆ ನಿಂತಿದೆ.

ಬೆಂಗಳೂರಿನಲ್ಲಿರುವ ತಮ್ಮ ಎದ್ದ ತಕ್ಷಣ ಬರೆದ: "ಅಕ್ಕಾ, ಇದಕ್ಕೆ ಆಧಾರ ಏನು? ಯಾವ ಪತ್ರಿಕೆಯಲ್ಲಿ ಬಂದಿದೆ? ಲಿಂಕ್ ಕಳಿಸು."

ಅಕ್ಕ: "ಎಲ್ಲದಕ್ಕೂ ಲಿಂಕ್ ಕೇಳ್ತೀಯಾ. ಮಗಳ ಭವಿಷ್ಯ ನನ್ನದು, ನಿನ್ನದಲ್ಲ."

ತಮ್ಮ: "ಅದಕ್ಕೇ ಕೇಳ್ತಿದ್ದೀನಿ. ಕಳೆದ ಸಲ ನೋಟು ಬಂದ್ ಅಂತ ಕಳಿಸಿದ್ದೂ ನೀನೇ ಅಲ್ವಾ?"

ಅಲ್ಲಿಗೆ 371(ಜೆ) ಹಿಂದೆ ಸರಿಯಿತು, ನೋಟಿನ ಮಾತು ಮುಂದೆ ಬಂತು. ಆ ನೋಟಿನ ಸಂದೇಶ ಯಾರು ಕಳಿಸಿದ್ದು, ಯಾರು ನಂಬಿದ್ದು ಅಂತ ಹದಿನೈದು ಸಂದೇಶ. ಅಷ್ಟರಲ್ಲಿ ದೊಡ್ಡಪ್ಪ ಬಂದರು. ಅವರು ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಗುಂಪಿನಲ್ಲೂ ತಪ್ಪಿಲ್ಲದೆ, ಪೂರ್ಣವಿರಾಮ ಹಾಕಿ ಬರೆಯುತ್ತಾರೆ.

"ಮಕ್ಕಳೇ, ಜಗಳ ಬೇಡ. ವೈಜನಾಥ ಪಾಟೀಲರಂಥ ನಾಯಕರು ಇವತ್ತು ಯಾರಿದ್ದಾರೆ ಹೇಳಿ. ಮಂತ್ರಿಯಾಗಿದ್ದರು. ಆದರೂ ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿ ಕಟ್ಟಿಕೊಂಡು ಬೀದಿಗೆ ಬಂದರು. ಸಾಯುವವರೆಗೂ ಈ ಸೀಮೆಯ ಮಾತೇ ಆಡಿದರು. ನೀವು ಅವರ ಹೆಸರಿನ ಕೆಳಗೆ ಹೀಗೆ ಕಚ್ಚಾಡುತ್ತೀರಿ."

ಸೋಲಾಪುರದ ಕಾಕಾ ಇಂಥ ಹೊತ್ತಿಗೇ ಕಾಯುತ್ತಿರುತ್ತಾರೆ. "ಒಬ್ಬರೇ ತಂದರು ಅನ್ನೋದು ಸುಳ್ಳು. ಆಗ ಖರ್ಗೆಯವರು ಕೇಂದ್ರದಲ್ಲಿ ಮಂತ್ರಿ. ಧರ್ಮಸಿಂಗ್ ಬೀದರ್ ಎಂಪಿ. ಗೃಹ ಸಚಿವರು ಯಾರು? ನಮ್ಮ ಸೋಲಾಪುರದ ಸುಶೀಲಕುಮಾರ್ ಶಿಂದೆ. ಇವರೆಲ್ಲ ಸುಮ್ನೆ ಕೂತಿದ್ದರಾ?"

ದೊಡ್ಡಪ್ಪ: "ನೀನು ಊರು ಬಿಟ್ಟು ಹೋದವನು. ನಿನಗೇನು ಗೊತ್ತು."

ಕಾಕಾ: "ಊರು ಬಿಟ್ಟೆ ಅಂತ ತಾನೇ 2014ರಲ್ಲಿ ನನ್ನ ಮಗನ ಸರ್ಟಿಫಿಕೇಟಿಗೆ ಯಾರೂ ಬರಲಿಲ್ಲ!"

ಇದಾದ ಮೇಲೆ ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಈ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮಗನಿಗೆ 371(ಜೆ) ಸರ್ಟಿಫಿಕೇಟು ಸಿಗಬೇಕಾದರೆ ಕಾಕಾ ಹುಟ್ಟಿದ್ದು, ಓದಿದ್ದು ಇಲ್ಲೇ ಅಂತ ತೋರಿಸಲು ಹಳೇ ಟಿಸಿ ಬೇಕಿತ್ತು. ಶಾಲೆಯ ರಿಜಿಸ್ಟರ್ ಮಳೆಗೆ ನೆಂದು ಹಾಳಾಗಿತ್ತು. ಇನ್ನೊಂದು ಪ್ರತಿ ಅಜ್ಜನ ಟ್ರಂಕಿನಲ್ಲಿತ್ತು. ಟ್ರಂಕು ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪ ಕೀಲಿ ಕೊಡಲಿಲ್ಲ. "ನೋಡ್ತೀನಿ" ಅಂದವರು ಕಡೆಗೂ ನೋಡಲಿಲ್ಲ. ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಹಾಕುವ ದಿನ ಕಳೆದುಹೋಯಿತು.

ಆ ಮೌನವನ್ನು ಮುರಿದವನು ಅತ್ತೆಯ ಮಗ. ಅವನಿಗೆ ಜಗಳ ಆಗಿಬರುವುದಿಲ್ಲ. "ಚಿಂಚೋಳಿ ಅಂದ ತಕ್ಷಣ ನೆನಪಾಯ್ತು, ಚಂದ್ರಂಪಳ್ಳಿ ಡ್ಯಾಮಿಗೆ ನಾವೆಲ್ಲ ಹೋಗಿದ್ವಲ್ಲ? ಮಾವ ಬುತ್ತಿ ಕಟ್ಟಿಸಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ವಾಪಸ್ ಬರುವಾಗ ದಾರಿಯುದ್ದಕ್ಕೂ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು." ಅವನು ಮಂಕಾದ ಒಂದು ಹಳೇ ಫೋಟೋನೂ ಹಾಕಿದ. ಅದರಲ್ಲಿ ದೊಡ್ಡಪ್ಪ ಮತ್ತು ಕಾಕಾ ಒಂದೇ ಟವೆಲ್ ಹಾಸಿ ಕೂತಿದ್ದಾರೆ. ಇಬ್ಬರೂ ಅದಕ್ಕೆ ಏನೂ ಹೇಳಲಿಲ್ಲ.

ನಾನು ಆ ಹೊತ್ತಿಗೆ ಆಫೀಸಿಗೆ ಹೊರಟಿದ್ದೆ. ಬಸ್ಸಿನಲ್ಲಿ ಕೂತು ಉದ್ದಕ್ಕೆ ಬರೆದೆ. ಬರೆದದ್ದನ್ನು ಇಲ್ಲಿಯೂ ಹೇಳುತ್ತೇನೆ. ಈ ವಿಷಯ ನಮ್ಮ ಮನೆಯದು ಮಾತ್ರ ಅಲ್ಲ.

371(ಜೆ) ಸಂವಿಧಾನದ ಒಂದು ವಿಧಿ. 98ನೇ ತಿದ್ದುಪಡಿಯಿಂದ ಬಂತು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು, 2013ರ ಜನವರಿ 1ರಂದು ರಾಷ್ಟ್ರಪತಿ ಸಹಿ ಹಾಕಿದರು, ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದನ್ನು ತೆಗೆಯಬೇಕು ಅಂದರೆ ಮತ್ತೆ ಸಂವಿಧಾನವನ್ನೇ ತಿದ್ದಬೇಕು. ಸಂಸತ್ತಿನ ಎರಡೂ ಮನೆಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಜಾಸ್ತಿ ಮಂದಿ ಒಪ್ಪಬೇಕು, ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಅಂಥದ್ದು ಯಾರಿಗೂ ಕಾಣದ ಹಾಗೆ ಒಂದು ತಿಂಗಳಲ್ಲಿ ನಡೆಯುವುದಿಲ್ಲ. ಹಾಗಂತ ಅಕ್ಕನ ಭಯ ಪೂರ್ತಿ ಹುಚ್ಚೂ ಅಲ್ಲ. ಸೀಟಿನ ಶೇಕಡಾ ಲೆಕ್ಕ ಇರುವುದು ಆ ವಿಧಿಯ ಕೆಳಗೆ ಹೊರಡಿಸಿದ ಆದೇಶಗಳಲ್ಲಿ. ಕಣ್ಣಿಡಬೇಕಾದ್ದು ಅಲ್ಲಿ.

ಇನ್ನು ವೈಜನಾಥ ಪಾಟೀಲರ ಮಾತು. ಅವರು ಒಬ್ಬರೇ ತಂದರು ಅನ್ನುವುದು ಸರಿಯಲ್ಲ. ಆದರೆ ಅವರು ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ ಅಂತ ನನಗೆ ಅನ್ನಿಸುತ್ತದೆ. ನಿಜಾಮರ ಸೀಮೆ ಒಡೆದು 1956ರಲ್ಲಿ ಮೂರು ಪಾಲಾಯಿತು. ಮರಾಠವಾಡಾಕ್ಕೆ ಆಗಲೇ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ತೆಲಂಗಾಣ ಇದ್ದ ಆಂಧ್ರಕ್ಕೆ 1973ರ ತಿದ್ದುಪಡಿಯಲ್ಲಿ 371(ಡಿ) ಬಂತು. ನಮ್ಮ ಪಾಲಿಗೆ ಏನೂ ಇರಲಿಲ್ಲ. ಯಾವ ಸೀಮೆ ಎಷ್ಟು ಹಿಂದುಳಿದಿದೆ ಅಂತ 2002ರಲ್ಲಿ ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿದಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಈ ಸೀಮೆಯವೇ. ವಾಜಪೇಯಿಯವರ ಸರ್ಕಾರದಲ್ಲಿ ಅಡ್ವಾಣಿ ಗೃಹ ಸಚಿವರಾಗಿದ್ದಾಗ, ನಮಗೂ ಇಂಥ ವಿಧಿ ಬೇಕು ಅನ್ನುವ ಬೇಡಿಕೆಗೆ ಆಗುವುದಿಲ್ಲ ಅಂತ ಉತ್ತರ ಬಂತು. ಅಲ್ಲಿಗೆ ಬಹಳ ಮಂದಿ ಕೈ ಚೆಲ್ಲಿದರು. ಪಾಟೀಲರು ಬಿಡಲಿಲ್ಲ. ಧರಣಿ, ಬಂದ್, ಸಭೆ, ಮತ್ತೆ ಧರಣಿ. ಮುಂದೆ ಹತ್ತು ವರ್ಷಕ್ಕೆ ದೆಹಲಿಯಲ್ಲಿ ಖರ್ಗೆ, ಧರ್ಮಸಿಂಗ್ ಅವರಂಥವರು ಅದನ್ನು ದಡ ಮುಟ್ಟಿಸಿದರು. ಕಾಕಾ ಹೇಳಿದ್ದೂ ಸರಿ, ದೊಡ್ಡಪ್ಪ ಹೇಳಿದ್ದೂ ಸರಿ. ಮೇಲಿನವರಿಗೆ ಆ ಮಾತು ಮರೆಯದ ಹಾಗೆ ಬೀದಿಯಲ್ಲಿ ನಿಂತವರು ಒಬ್ಬರು ಬೇಕಿತ್ತು. ಅಧಿಕಾರ ಹೋದ ಮೇಲೂ ಅದೇ ಮಾತನ್ನು ಹಿಡಿದುಕೊಂಡು ನಿಲ್ಲುವ ಶಾಸಕರು ಎಷ್ಟು ಮಂದಿ ಸಿಗುತ್ತಾರೆ? ಅವರು 2019ರ ನವೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಈ ಸೀಮೆಗೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿದ್ದರು.

ಇಷ್ಟು ಬರೆದು ಕಳಿಸಿದೆ. ತಮ್ಮ ಹೆಬ್ಬೆರಳು ಒತ್ತಿದ. ಅಕ್ಕ "ಹಾಗಾದ್ರೆ ಸೀಟು ಇರುತ್ತೆ ಅಲ್ವಾ?" ಅಂತ ಒಂದೇ ಸಾಲು ಬರೆದಳು. ಇರುತ್ತೆ ಅಂದೆ. ಬೆಳಿಗ್ಗೆಯೇ ಯಾರಾದರೂ ಇಷ್ಟು ಹೇಳಿದ್ದರೆ ಅವಳಿಗೆ ಸಾಕಿತ್ತು.

ಆಗ ಅವ್ವನ ಧ್ವನಿ ಸಂದೇಶ ಬಂತು. ಅವ್ವ ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಅಲ್ಲೋ, ಎಲ್ಲರೂ ವೈಜನಾಥ ಪಾಟೀಲರು ಅಂತಿದ್ದೀರಿ. ಈ ಫೋಟೋದಾಗ ಇರೋರು ವೀರೇಂದ್ರ ಪಾಟೀಲರಲ್ವಾ? ನಾನು ಅವರ ಭಾಷಣಕ್ಕೆ ಹೋಗಿದ್ದೆ, ಗುರುತು ಸಿಗಲ್ವಾ ನನಗೆ?"

ಎಲ್ಲರೂ ಫೋಟೋ ದೊಡ್ಡದು ಮಾಡಿ ನೋಡಿದೆವು. ಹೌದು. ಇಬ್ಬರೂ ಚಿಂಚೋಳಿಯವರೇ, ಇಬ್ಬರೂ ಪಾಟೀಲರೇ. ವೀರೇಂದ್ರ ಪಾಟೀಲರು 1968ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ಮುಖ್ಯಮಂತ್ರಿಯಾದವರು. 371(ಜೆ) ಬರುವ ಹದಿನೈದು ವರ್ಷ ಮೊದಲೇ, 1997ರಲ್ಲಿ, ತೀರಿಕೊಂಡಿದ್ದರು. ಆಧಾರ ಕೇಳಿದ ತಮ್ಮ ಅದನ್ನು ನೋಡಿರಲಿಲ್ಲ. ಹೊಗಳಿದ ದೊಡ್ಡಪ್ಪ ನೋಡಿರಲಿಲ್ಲ. ಅಷ್ಟುದ್ದ ಬರೆದ ನಾನೂ ನೋಡಿರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಹತ್ತಾರು ವರ್ಷ ಒಂದೇ ಮಾತಿಗೆ ನಿಂತ ಮನುಷ್ಯನ ಮುಖವೇ ಅಲ್ಲಿರಲಿಲ್ಲ, ನಾವು ಆರು ಜನ ಅವರ ಹೆಸರಿನಲ್ಲಿ ಅರ್ಧ ದಿನ ಜಗಳ ಆಡಿದ್ದೆವು.

ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಫೋಟೋದ ಮಾತಿಗೆ ಅಂತ ಮಾಡಿದ್ದು, ಕೇಳಿದ್ದು ಟ್ರಂಕಿನ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಗೆದ್ದಲು ಹತ್ತಿತ್ತಮ್ಮ. ಅಪ್ಪ ನನ್ನ ನಂಬಿ ಬಿಟ್ಟುಹೋದ ಟ್ರಂಕು. ತೆಗೆದು ನೋಡಿದರೆ ಮಣ್ಣು. ತಮ್ಮನಿಗೆ ಏನಂತ ಹೇಳಲಿ? ಕೀಲಿ ಸಿಗಲಿಲ್ಲ ಅಂದುಬಿಟ್ಟೆ."

ಅದನ್ನು ಗುಂಪಿನಲ್ಲೇ ಹೇಳಿ ಅಂದೆ. ಆಗಲ್ಲ ಅಂದರು. ಆದರೆ ರಾತ್ರಿ ಒಂಬತ್ತೂವರೆಗೆ ಅವರಿಂದ ಒಂದು ಫೋಟೋ ಬಂತು. ಒಂದಕ್ಷರವೂ ಜೊತೆಗೆ ಇರಲಿಲ್ಲ. ನ್ಯೂಸ್‌ಪೇಪರ್ ಮೇಲೆ ಹರಡಿದ ಕಾಗದದ ತುಂಡುಗಳು. ಅಜ್ಜನ ಹೊಲದ ಉರ್ದು ಕಾಗದ, ಅಂಚೆಲ್ಲ ಜರಡಿ. ಪಕ್ಕದಲ್ಲಿ ಶಾಲೆಯ ಟಿಸಿ. ನೇರಳೆ ಮೊಹರು ಅರ್ಧ ಉಳಿದಿದೆ. ವಿದ್ಯಾರ್ಥಿಯ ಹೆಸರು ಅನ್ನುವ ಕಡೆ ಕಾಕಾನ ಹೆಸರಿನ ಮೊದಲ ಅಕ್ಷರ ಮಾತ್ರ ಇದೆ, ಮುಂದೆ ತೂತು.

ಎಲ್ಲರೂ ನೋಡಿದ ಗುರುತು ಬಂತು. ಕಾಕಾ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಹತ್ತೂ ಕಾಲಿಗೆ ದೊಡ್ಡಮ್ಮ ನನಗೆ ಬೇರೆಯಾಗಿ ಮೆಸೇಜ್ ಮಾಡಿದರು: "ಸೋಲಾಪುರದಿಂದ ಫೋನ್ ಬಂದಿದೆ. ಇಬ್ಬರೂ ಇನ್ನೂ ಮಾತಾಡ್ತಿದ್ದಾರೆ."