ಚಳಿ ರಜೆಗೆ ಹಾಡಿನ ಆಲ್ಬಮ್ ಬೇಕು, ಸಹಾಯ ಮಾಡ್ರಿ

ಎಲ್ಲರಿಗೂ ನಮಸ್ಕಾರ್ರಿ. ನಾನು ಧಾರವಾಡ ಮಾಳಮಡ್ಡಿಯವಳು. ಡಿಸೆಂಬರ್ 24ಕ್ಕೆ ತಂಗಿ ಮಕ್ಕಳನ್ನು ಕರಕೊಂಡು ರಜೆಗೆ ಬರುತ್ತಿದ್ದಾಳೆ. ಅಷ್ಟರೊಳಗೆ ಪೆನ್‌ಡ್ರೈವ್‌ಗೆ ಹಾಡು ತುಂಬಿಸಿಡಬೇಕು. ಹೋದ ವರ್ಷ ಮೊಬೈಲ್‌ನಲ್ಲಿ ಹಚ್ಚಿದ್ದೆ. ಎರಡು ಹಾಡಿಗೊಮ್ಮೆ ಜಾಹೀರಾತು. ಮಕ್ಕಳು ಹಾಡು ಬಿಟ್ಟು ಜಾಹೀರಾತನ್ನೇ ಬಾಯಿಪಾಠ ಮಾಡಿದರು!

ಕ್ರಿಸ್‌ಮಸ್ ಆಲ್ಬಮ್ ಎರಡು ಸಿಕ್ಕಿವೆ. ಒಂದು 1957ರ ಎಲ್ವಿಸ್ ಪ್ರೀಸ್ಲಿಯದು. ಇನ್ನೊಂದು 1965ರದ್ದು, ಚಾರ್ಲಿ ಬ್ರೌನ್ ಕಾರ್ಟೂನ್‌ಗೆ ವಿನ್ಸ್ ಗುರಾಲ್ಡಿ ಮಾಡಿದ ಜಾಝ್. ಪಿಯಾನೊ, ಬಾಸ್, ಡ್ರಮ್ಸ್, ನಡುನಡುವೆ ಮಕ್ಕಳ ದನಿ. ಗದ್ದಲ ಇಲ್ಲ. ಹರಟೆ ಹೊಡೆಯುತ್ತಾ ಸುಮ್ನೆ ಕೇಳಬಹುದು. ನನಗೆ ಇದೇ ಜಾಸ್ತಿ ಹಿಡಿಸಿತು. ಇಂಥದ್ದೇ ಇನ್ನೆರಡು ಇದ್ದರೆ ಹೇಳಿ. ಅಂಗಡಿಯಲ್ಲಿ ದಿನಾ ಗಂಟೆ ಬಾರಿಸುವ ಹಾಡು ಮಾತ್ರ ಬೇಡ, ಸಾಕಾಗಿದೆ.

ನಿಜವಾದ ಫಜೀತಿ ನಮ್ಮ ಅಪ್ಪಂದು. ಚಳಿಯಲ್ಲಿ ಐದಕ್ಕೇ ಎದ್ದು, ಶಾಲು ಹೊದ್ದು, ಚಹಾ ಹಿಡಿದು ಕೂತರೆ ಅವರಿಗೆ ಭೀಮಸೇನ ಜೋಶಿಯವರೇ ಬೇಕು. ಅವರ ಲಲಿತ್, ತೋಡಿ ರಾಗ ಇದ್ದ ಕ್ಯಾಸೆಟ್ ಟೇಪ್ ಸಿಕ್ಕಿಕೊಂಡು ಹರಿಯಿತು. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಿಲ್ಲ, ನಾನೇ ಒತ್ತಿದ್ದೆ ಅಂತ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಬೆಳಗಿನ ರಾಗಗಳಿದ್ದರೂ ನಡೆಯುತ್ತದೆ. ಸಂಜೆಯ ರಾಗ ಬೆಳಿಗ್ಗೆ ಹಚ್ಚಿದರೆ ಮಾತ್ರ ಎದ್ದು ಹೋಗುತ್ತಾರೆ.

ಹುಬ್ಬಳ್ಳಿ-ಧಾರವಾಡದಲ್ಲಿ ಈಗಲೂ ಸಿಡಿ ಮಾರುವ ಅಂಗಡಿ ಇದೆಯಾ? ಇಲ್ಲವಾದರೆ ರೊಕ್ಕ ಕೊಟ್ಟು ಇಳಿಸಿಕೊಳ್ಳುವ ದಾರಿ ತಿಳಿಸಿ. ಆಲ್ಬಮ್ ಹೆಸರಿನ ಜೊತೆ ರಾಗದ ಹೆಸರೂ ಬರೆಯಿರಿ, ಪ್ಲೀಸ್.